ಮಂಗಗಳ ಹೆಸರಿಗೆ ಪಟ್ಟಾ

ತಿರುವನಂತಪುರ
೧೪-೩-೧೯೭೪

ಪ್ರಿಯ ಕಮಲಾಕ್ಷ,

ನಾವೆಲ್ಲ ಕ್ಷೇಮ. ಆಲುವದಲ್ಲಿ ನೀನೂ ರತ್ನಳೂ ಸೌಖ್ಯವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು. ಸುರಂಗದ ಯೋಜನೆ ಬರೆದಿದ್ದ ನಿನ್ನ ಪತ್ರ ಕೈಸೇರಿದ್ದೇ ಸಭೆ ಮುಗಿದ ಮೇಲೆ. ಬೈಯುವುದಿದ್ದರೆ ಅಂಚೆಯವರನ್ನು ಬೈ.

ಸುದ್ದಿ ನಿನಗೆ ಮುಟ್ಟಿರಬೇಕು. ನಮ್ಮ ಬೆಟ್ಟ ಅಭಯಾರಣ್ಯಕ್ಕೆ ಸೇರಿತು. ಅದರ ಹೊಟ್ಟೆಯ ಗ್ರಾಫೈಟ್ ಹೊಟ್ಟೆಯಲ್ಲೇ ಉಳಿಯಿತು. ಹನ್ನೊಂದು ವರ್ಷ ಆ ಗಣಿಗಾಗಿ ಅಲೆದವನು ನೀನು. ತೆರೆದರೆ ಅದರ ಮ್ಯಾನೇಜರ್ ನೀನೇ ಎಂದು ನಿನ್ನ ಕಂಪನಿಯವರು ಹೇಳಿದ್ದೂ ಗೊತ್ತು. ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಸಭೆಯಲ್ಲಿ ಗಣಿ ಇಲಾಖೆಯವರು ಒಂದು ಕಡೆ, ಅರಣ್ಯದವರು ಇನ್ನೊಂದು ಕಡೆ, ನಡುವೆ ಬಾಳೆಹಣ್ಣು ಕರಿದ ಪಳಂಪೊರಿಯ ತಟ್ಟೆ. ತಟ್ಟೆ ಬರಿದಾಗುವವರೆಗೆ ಎಲ್ಲರದೂ ಒಮ್ಮತ. ಆಮೇಲೆ ಅಧ್ಯಕ್ಷರು ನನ್ನತ್ತ ತಿರುಗಿ, "ಸರ್ವೆ ಮಾಡಿದವರು ನೀವು. ಕಾಡು ಕಡಿಯದೆ ಅದಿರು ತೆಗೆಯುವ ದಾರಿ ಇದೆಯೇ?" ಎಂದರು.

"ನನ್ನ ವರದಿಯಲ್ಲಿ ಇಲ್ಲ ಸಾರ್" ಎಂದೆ. ಅಲ್ಲಿಗೆ ಮುಗಿಯಿತು. ಕಾಗದದ ಅಂಚಿನಲ್ಲಿ ಹೀಗೆ ಗೀಚಿಕೊಂಡು ಬಂದೆ:

ಅದಿರಿಗೆ ಬೆಲೆ,
ಸಿಂಗಳೀಕಕ್ಕೆ ನೆಲೆ,
ನಡುವೆ ನನ್ನ ನರೆತ ತಲೆ.

ಮನೆಗೆ ಬಂದ ಮೇಲೆ ನನ್ನವಳು ನಿರ್ಮಲ ಅದನ್ನು ಓದಿ, "ಅಂತೂ ಮಂಗಗಳ ಹೆಸರಿಗೆ ಪಟ್ಟಾ ಮಾಡಿಸಿ ಕೊಟ್ರಿ. ನಮಗೊಂದು ಐದು ಸೆಂಟ್ಸ್ ಜಾಗ ಮಾಡ್ಲಿಕ್ಕೆ ನಿಮ್ಮಿಂದ ಆಗ್ಲಿಲ್ಲ ಮಾರಾಯ್ರೆ" ಎಂದಳು.

ಸರ್ವೆಯಲ್ಲಿ ನಾವು ಬೆಟ್ಟಕ್ಕೆ ಮೊದಲ ಸಲ ಸಿಡಿಮದ್ದು ಇಟ್ಟ ದಿನ ನೆನಪಿದೆಯೇ? ಸಿಂಗಳೀಕಗಳ ಹಿಂಡೆಲ್ಲ ಓಡಿತು. ಒಂದು ತಾಯಿ ಮಾತ್ರ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಎದುರು ಮರದಲ್ಲೇ ಕುಳಿತು, ನಾವು ಗುಡಾರ ಕೀಳುವವರೆಗೂ ನೋಡುತ್ತಿತ್ತು. "ಬಾಡಿಗೆ ಕೇಳ್ಲಿಕ್ಕೆ ಬಂದ ಮನೆ ಯಜಮಾನ್ತಿ ಹಾಗೆ ಉಂಟಲ್ಲ" ಎಂದೆ ನೀನು. ಎಲ್ಲರೂ ನಕ್ಕರು. ನಿನ್ನ ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬೆಟ್ಟ ಉಳಿದದ್ದಕ್ಕೆ ನನಗೆ ಸಂತೋಷವೇ, ನಿನ್ನಲ್ಲಿ ಮುಚ್ಚಿಡಲಾರೆ.

ವಿಷುವಿಗೆ ಇಬ್ಬರೂ ಬನ್ನಿ. ಮಕ್ಕಳಿಗೆ ನಮ್ಮ ಆಶೀರ್ವಾದ ತಿಳಿಸು.

ನಿನ್ನ,
ಯಜ್ಞನಾರಾಯಣ

ಮತ್ತೆ ಬರೆದದ್ದು: ಅಂಚೆಯವರನ್ನು ಬೈಯಬೇಡ. ನಿನ್ನ ಪತ್ರ ಸಭೆಯ ಹಿಂದಿನ ದಿನವೇ ಬಂದಿತ್ತು. ಮರ ಮುಟ್ಟದೆ ಪಕ್ಕದ ಕಣಿವೆಯಿಂದ ಸುರಂಗ ತೋಡುವ ನಿನ್ನ ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆ. ತಪ್ಪಿರಲಿಲ್ಲ. ಸುರಂಗದ ಹಿಂದೆ ರಸ್ತೆ, ರಸ್ತೆಯ ಹಿಂದೆ ಲಾರಿ ಬಂದೇ ಬರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ, ನಿನಗೆ ಹೇಳಲಿಲ್ಲ. ಅಧ್ಯಕ್ಷರು ಕೇಳಿದ ದಾರಿ ನನ್ನ ವರದಿಯಲ್ಲಿ ಇರಲಿಲ್ಲ, ನಿಜ. ನನ್ನ ಅಂಗಿಯ ಜೇಬಿನಲ್ಲಿತ್ತು.

ಇಷ್ಟು ಓದಿದ ಮೇಲೂ ಮನಸ್ಸಾದರೆ, ವಿಷುವಿಗೆ ಬಾ.