ಒಂದೇ ದಾರದ ಎರಡು ಗುಂಡಿ

ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಮುಚ್ಚಳದ ನಮಸ್ಕಾರಗಳು. ನೀನು ಕಳಿಸಿದ ಗ್ರಾಫಿಕ್ಸ್ ಕಾರ್ಡ್ ಕೈಸೇರಿ ಮೂರು ವಾರವಾಯಿತು, ಈಗ ಬರೆಯುತ್ತಿದ್ದೇನೆ, ಬೈದುಕೊಂಡೇ ಓದು. ಫೋನಿನಲ್ಲಿ ನನ್ನ ಬಾಯಿಗೆ ನಿಜಕ್ಕೂ ಮುಚ್ಚಳ ಬೀಳುತ್ತದೆಂದು ಆ ಹೆಸರಿಟ್ಟ ನಿನಗೇ ಗೊತ್ತು.

ಮೊದಲು ಒಳ್ಳೆಯ ಸುದ್ದಿ. ಹತ್ತು ಕಥೆಗಳ ವಿಡಿಯೊಗಳೂ ಮೊನ್ನೆ ಶುಕ್ರವಾರ ಶಾಲೆ ತಲುಪಿದವು, ನನ್ನ ಕೆಲಸ ಉಳಿಯಿತು. ಅದಕ್ಕೆ ಮುಂಚೆ ಪಟ್ಟದ್ದು ಮಾತ್ರ ನಾಯಿಪಾಡು.

ಕಾರ್ಡ್ ಕೂರಿಸಿದ ದಿನ ಪರದೆ ಹೊಳೆದದ್ದೇ ಹೊಳೆದದ್ದು. ಕಿವಿ ಕೇಳದ ಮಕ್ಕಳಿಗಾಗಿ ಟೀಚರ್ ಕೈಸನ್ನೆಯಲ್ಲಿ ಹೇಳಿದ ಮೊಲದ ಕಥೆಯಲ್ಲಿ ಅವರ ಒಂದೊಂದು ಬೆರಳೂ ಸ್ಪಷ್ಟವಾಗಿತ್ತು. ಆದರೆ ಜೋಡಿಸಿದ ತುಣುಕುಗಳನ್ನು ಒಂದೇ ವಿಡಿಯೊ ಮಾಡಲು ಕೊಟ್ಟರೆ ಸಾಕು, ಫ್ಯಾನು ಭರ್ರೆಂದು ಪರದೆ ಕಪ್ಪಾಗಿ ಕಂಪ್ಯೂಟರ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕಾರ್ಡನ್ನು ನಡೆಸುವ ತಂತ್ರಾಂಶ, ಆ ಹಳೆಯ ಡ್ರೈವರ್ ಅಳಿಸಿ ಹೊಸದು ಹಾಕಿದೆ. ಧೂಳು ಒರೆಸಿದೆ. ಕಂಪ್ಯೂಟರಿನ ಮುಚ್ಚಳ ತೆಗೆದು ಟೇಬಲ್ ಫ್ಯಾನಿನ ಗಾಳಿ ಹಿಡಿದೆ. ಊಹೂಂ. ಟೀಚರ್ ಬೇರೆ, "ಏನಮ್ಮಾ, ಮೊಲ ಯಾವಾಗ ಬರುತ್ತೆ ಅಂತ ಮಕ್ಕಳು ಕೈಯಲ್ಲೇ ನನ್ನ ಪ್ರಾಣ ತಿಂತಿದ್ದಾರೆ" ಎಂದರು.

ಕಾರ್ಡ್ ಕಳಿಸಿದ್ದು ನೀನೆಂದು ಅಪ್ಪನಿಗೆ ಹೇಳಿರಲಿಲ್ಲ. ನೀನು ಮನೆ ಬಿಟ್ಟ ಈ ಮೂರು ವರ್ಷ ನಿನ್ನ ಮಾತೆತ್ತಿದರೆ ಅವರು ಹೊಲಿಗೆ ಮಷಿನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಾರೆ.

ಬುಧವಾರ ಅವರೇ ಪಕ್ಕಕ್ಕೆ ಬಂದು ನಿಂತರು.

"ಏನೇ, ನಿನ್ನ ಪೆಟ್ಟಿಗೆ ಮತ್ತೆ ಮೂರ್ಛೆ ಹೋಯ್ತಾ?"

"ಹೂಂ ಅಪ್ಪಾ."

"ಸುಮ್ನೆ ಕೂತಾಗ ಬೀಳಲ್ಲ, ದುಡಿಯುವಾಗ ಮಾತ್ರ ಬೀಳುತ್ತೆ. ಅಂದ್ರೆ ರೋಗ ತಲೇಲಿಲ್ಲ, ಹೊಟ್ಟೇಲಿದೆ. ಊಟ ಸಾಲ್ತಿಲ್ಲ." ಕನ್ನಡಕ ಏರಿಸಿ ಒಳಗೆ ಬಗ್ಗಿದರು. "ಇದಕ್ಕೆ ಬಾಯಿ ಎರಡು, ಬರೋ ದಾರ ಒಂದೇ! ಒಂದೇ ದಾರದಲ್ಲಿ ಎರಡು ಗುಂಡಿ ಹೊಲೀತಾರೇನೇ? ಒಂದನ್ನ ಎಳೆದ್ರೆ ಇನ್ನೊಂದೂ ಕಿತ್ಕೊಂಡು ಬರುತ್ತೆ."

"ಅಪ್ಪಾ, ಇದು ಅಂಗಿ ಅಲ್ಲ."

"ದರ್ಜಿ ಮನೇಲಿ ಎಲ್ಲಾನೂ ಅಂಗೀನೇ."

ನಿಜ ಅಣ್ಣಾ. ಕರೆಂಟು ತರುವ, ಎರಡು ತಲೆಯಿದ್ದ ಒಂದೇ ಕೇಬಲ್ಲನ್ನು ಕಾರ್ಡಿನ ಎರಡೂ ಬಾಯಿಗೆ ಸಿಕ್ಕಿಸಿದ್ದೆ. ಕಂಪ್ಯೂಟರಿಗೆ ಕರೆಂಟು ಹಂಚುವ ಪವರ್ ಸಪ್ಲೈ ಬಂದಿದ್ದ ಡಬ್ಬಿಯ ತಳದಲ್ಲಿ ಇನ್ನೊಂದು ಕೇಬಲ್ ಹಾಗೇ ಮಲಗಿತ್ತು. ಒಂದೊಂದು ಬಾಯಿಗೆ ಒಂದೊಂದು ಕೇಬಲ್ ಕೊಟ್ಟೆ. ಅಪ್ಪ ಕೊರಳಲ್ಲಿ ಟೇಪು ಹಾಕಿಕೊಂಡೇ ನಲವತ್ತು ನಿಮಿಷ ಪಕ್ಕದಲ್ಲಿ ಕೂತರು. ಕಂಪ್ಯೂಟರ್ ಆರಲಿಲ್ಲ. ಮೊಲ ಕುಣಿದಾಗ ಅಪ್ಪ ಎರಡು ಬೆರಳು ತಲೆಯ ಮೇಲಿಟ್ಟು ಕಿವಿ ಅಲ್ಲಾಡಿಸಿದರು!

ಏಳುವಾಗ, ನೀನು ಕಾರ್ಡಿಗೆ ಸುತ್ತಿ ಕಳಿಸಿದ್ದ ಹಳೆಯ ಅಂಗಿಯನ್ನು ಕುರ್ಚಿಯಿಂದ ಎತ್ತಿಕೊಂಡು, "ಈ ಕಾಲರ್ ನನ್ನ ಹೊಲಿಗೆ. ಮೊದಲ ದಿನವೇ ಗೊತ್ತಾಯ್ತು" ಎಂದಷ್ಟೇ ಹೇಳಿದರು. ಬೈಯಲಿಲ್ಲ.

ನಿನ್ನ ಕಾರ್ಡಿನಿಂದ ಕೆಲಸ ಉಳಿಯಿತು, ಅಪ್ಪನ ನಗು ಕಂಡೆ. ನಿನ್ನ ಋಣ ಯಾವ ಮಾತಿನಲ್ಲಿ ತೀರಿಸಲಿ? ನೀನು ಸುಖವಾಗಿರು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಇಂತಿ ನಿನ್ನ ತಂಗಿ,
ಮುಚ್ಚಳ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಮೂರು ವರ್ಷದ ಹಿಂದೆ ನೀನು ಮನೆ ಬಿಡಲು ಕಾರಣವಾದ ಆ ಮದುವೆ ಗಂಡಿನ ಕೋಟಿನ ಎದೆ ಅಳತೆಯನ್ನು ಪುಸ್ತಕದಲ್ಲಿ ಬರೆದವಳು ನಾನು. ಸಾಹಿತ್ಯ ಓದುವ ಜಂಬಕ್ಕೆ ಮೂವತ್ತೊಂಬತ್ತನ್ನು ಕನ್ನಡ ಅಂಕಿಯಲ್ಲೇ ಬರೆಯಹೋಗಿ, ಒಂಬತ್ತರ ಬಾಲವನ್ನು ಆರರ ಹಾಗೆ ತಿರುಗಿಸಿದ್ದೆ. ನೀನು ಮೂವತ್ತಾರಕ್ಕೆ ಕತ್ತರಿಸಿದೆ, ಕೋಟು ಗಂಡಿನ ಮೈಗೇರಲಿಲ್ಲ. "ಅಂಕಿ ಓದೋಕೆ ಬಾರದವನಿಗೆ ಕತ್ತರಿ ಯಾಕೋ" ಎಂದು ಅಪ್ಪ ಹತ್ತು ಜನರೆದುರು ಅಂದರು, ನೀನು ಕತ್ತರಿ ಇಟ್ಟು ಹೊರಟೆ. ನಾನು ಅಷ್ಟರಲ್ಲಿ ಆ ಹಾಳೆ ಹರಿದು ಬಚ್ಚಿಟ್ಟಿದ್ದೆ. ನೀನು ಓದಿದ್ದು ಸರಿ ಅಣ್ಣಾ, ಬರೆದದ್ದೇ ತಪ್ಪು. ಅಂದಿನಿಂದ ನಾನು ಅಂಕಿ ಬರೆಯುವುದಿಲ್ಲ. ಮೇಲೆ ತಾರೀಕನ್ನೂ ಅಕ್ಷರದಲ್ಲೇ ಬರೆದಿದ್ದೇನೆ, ನೋಡು.

ನಿನ್ನೆ ಆ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟೆ. ಮಷಿನ್ ನಿಲ್ಲಿಸಿ, ಕನ್ನಡಕ ಏರಿಸಿ ನೋಡಿದರು. "ಯಾರು ಓದಿದ್ರೂ ಇದು ಆರೇ" ಎಂದರು. ಆಮೇಲೆ ನಿನ್ನ ಅಂಗಿಯನ್ನು ಮೊಣಕಾಲ ಮೇಲೆ ಹರಡಿ, "ಇದು ಅವನಿಗೆ ಈಗ ಬಿಗಿ ಆಗುತ್ತೆ. ಎದೆ ಅಳತೆ ಎಷ್ಟು ಅಂತ ಕೇಳು. ಅಕ್ಷರದಲ್ಲಿ ಬರೆಯೋಕೆ ಹೇಳು" ಎಂದರು.