ಅಳಿಸಿಹೋದ ಕಾಲುಗಳು

ತಾರೀಖು ೧೧, ಮಂಗಳವಾರ

ತಂಗಿಗೆ,

ಅಣ್ಣನ ಆಶೀರ್ವಾದ. ಕಾಗದ ಬರೆಯುವುದು ತಡವಾಯಿತು. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ, ಮನಸ್ಸಿರಲಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ, ಸಹಿಸಿಕೊಂಡು ಓದು. ನಿನಗಿನ್ನೂ ಕೆಲಸ ಸಿಕ್ಕಿಲ್ಲವಂತೆ. ಹೋದಲ್ಲೆಲ್ಲ ಅದೇ ಮಾತು ಎತ್ತುತ್ತಾರಂತೆ.

ನಮ್ಮ ಅಂಗಡಿಯ ಕಂಪ್ಯೂಟರಿಗೆ ಕಳ್ಳರು ನುಗ್ಗಿ ಹಾಳುಮಾಡಿದ ಮುನ್ನೂರು ಜನರ ಕಾಲಿನ ಅಳತೆ ವಾಪಸು ಬರಲೇ ಇಲ್ಲ. ಕೃತಕ ಕಾಲು ಸವೆದವರೆಲ್ಲ ಮೊಂಡುಗಾಲಿಗೆ ಹೊಸದಾಗಿ ಪ್ಲಾಸ್ಟರ್ ಸುತ್ತಿಸಿಕೊಂಡು ಅಳತೆ ಕೊಡುತ್ತಿದ್ದಾರೆ. ಹಳೇ ಡ್ರೈವರ್ ಮುದುಕ, "ಒಂದ್ಸಲ ಲಾರಿ ನನ್ನ ಕಾಲು ತಗೊಂಡೋಯ್ತು, ಇನ್ನೊಂದ್ಸಲ ನಿನ್ನ ತಂಗಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಳ್ಳರು ಕಳಿಸಿದ ಇ-ಮೇಲನ್ನು ನೀನೇ ತೆರೆದೆ ಎಂದು ನಾನು ಎಲ್ಲರಿಗೂ ಹೇಳಿದ್ದೆನಲ್ಲ, ಹೋದ ವಾರ ಕಂಪ್ಯೂಟರ್ ರಿಪೇರಿಯವನು ಬಂದು ನೋಡಿದ. "ಯಾರೂ ಯಾವ ಇ-ಮೇಲೂ ತೆಗ್ದಿಲ್ಲ ಯಜಮಾನ್ರೇ" ಎಂದ. ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದಕ್ಕೆ ಹಂಚುವ ಭಾಗದಲ್ಲೇ ತೂತಿತ್ತಂತೆ. "ಬಂದಿದ್ದನ್ನ ಅಳತೆ ನೋಡ್ದೆ ತುಂಬ್ಕೊಳ್ತದೆ. ಹೆಚ್ಚಾಗಿದ್ದು ಪಕ್ಕದ ಮೆಮೊರಿಗೆ ಹರಿದು, ಅಲ್ಲಿದ್ದ ಅಪ್ಪಣೆ ಅಳಿಸಿ ಕಳ್ಳರ ಅಪ್ಪಣೆ ಕೂರಿಸ್ತದೆ. ತೂತು ಮುಚ್ಚೋ ತೇಪೆ, ಅದೇ ಅಪ್ಡೇಟು, ಮೊದಲೇ ಬಂದಿತ್ತಲ್ಲ, ಯಾಕೆ ಹಾಕ್ಲಿಲ್ಲ?"

ಮರೆತುಹೋಯಿತು ಎಂದೆ. ನೀನು ಮೂರು ಸಲ ಕೇಳಿದ್ದೆ. "ಅಣ್ಣಾ, ಅರ್ಧ ಗಂಟೆ ಅಚ್ಚು ಕೆತ್ತೋ ಮೆಷೀನ್ ನಿಲ್ಸು, ಅಪ್‌ಡೇಟ್ ಹಾಕ್ತೀನಿ." ನಾನು, "ನಿಲ್ಸಿದ್ರೆ ಸತ್ತ ಅಪ್ಪ ಎದ್ದುಬಂದು ಅಚ್ಚು ಕೆತ್ತುತ್ತಾನೇನೇ?" ಎಂದಿದ್ದೆ. ಕೊನೆಗೆ ನಿನ್ನನ್ನೇ ಎಲ್ಲರೆದುರು ಮನೆಹಾಳಿ ಎಂದು ಬೈದು ಹೊರಗೆ ಹಾಕಿದೆ. ಸಿಟ್ಟು ನೆತ್ತಿಗೇರಿದರೆ ನನಗೆ ಹಿಂದುಮುಂದು ಕಾಣುವುದಿಲ್ಲ.

ರಿಪೇರಿಯವನ ಮಾತನ್ನು ಕೆಲಸಗಾರರಿಗೆ ಹೇಳಿಲ್ಲ. ಹೇಳಿದರೆ ನಾಳೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುತ್ತದೆಯೇ? ನಿನಗೆ ಗೊತ್ತಾದರೆ ಸಾಕು. ಚಿಕ್ಕವಳು, ತಡೆದುಕೊಳ್ಳುತ್ತೀಯ.

ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ. ನಿನ್ನ ಕುರ್ಚಿಯಲ್ಲಿ ಈಗ ಅವಳ ತಮ್ಮ ಕೂತಿದ್ದಾನೆ, ದಂಡಪಿಂಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ

ತಾ.ಕ.: ಕಿವಿಯ ಯಂತ್ರ ಮಾಡುವ ಅಂಗಡಿಯಾಕೆ ನಿನ್ನೆ ಫೋನ್ ಮಾಡಿದ್ದಳು. "ನಿಮ್ಮ ತಂಗೀನ ಕೆಲಸಕ್ಕೆ ತಗೊಳ್ಳೋಣ ಅಂತಿದೀನಿ. ಅವತ್ತು ಆಗಿದ್ದು ಅವಳ ತಪ್ಪೇನಾ?" ಎಂದಳು. ಕೆಲಸಗಾರರೆಲ್ಲ ಸುತ್ತ ನಿಂತಿದ್ದರು. ಹೌದು ಎಂದೆ. ಅವಳ ಫೋನಿಗೆ ಕಾಯುತ್ತ ಕೂರಬೇಡ.