ರೇವಪ್ಪನ ಕೂರಿಗೆ ಪಟ್ಟಿ

ಮಹಾನಂದಾ,

ಗೇಟು ಕೂರಿಸಲು ಇಂಗಳೇಶ್ವರಕ್ಕೆ ಹೊರಟಿದ್ದೇನೆ. ನೀನು ಗಿರಣಿಯಿಂದ ಬರುವವರೆಗೆ ಕಾಯಲಿಲ್ಲ. ಕಾದಿದ್ದರೆ ಜಗಳವೇ ಆಗುತ್ತಿತ್ತು.

ಹಿಪ್ಪರಗಿಯ ರೇವಪ್ಪ ಮಧ್ಯಾಹ್ನ ಬಿತ್ತುವ ಕೂರಿಗೆಯ ಕಬ್ಬಿಣದ ಪಟ್ಟಿ ಒಯ್ಯಲು ಬರುತ್ತಾನೆ. ನಿನ್ನೆ ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ನಿನ್ನ ಗಂಡ ನಾನು ಎದುರಿಗೇ ನಿಂತಿದ್ದರೂ, "ಅಕ್ಕಾರ ಇಲ್ಲೇನ್ರಿ? ತೂತು ಅವ್ರ ಕೈಲೇ ಹೊಡಸ್ರಿ" ಅಂದ. ನನ್ನ ಕೈ ಮುರಿದಾಗ ನಿನಗೆ ಡ್ರಿಲ್ ಮಷಿನ್ ಕಲಿಸಿದವನು ನಾನು. ಅದು ಸಿಂದಗಿಯಲ್ಲಿ ಯಾರಿಗೂ ನೆನಪಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ನೀನು ಸಂತೆಯಿಂದ ಬರುವ ಮೊದಲೇ ನಾನೇ ತೂತು ಹೊಡೆದೆ. ಸಿಟ್ಟಿನಲ್ಲಿ ಪಂಚ್ ಇಟ್ಟು ಸುತ್ತಿಗೆಯಿಂದ ಬಡಿದು ಗುರುತಿನ ಕುಳಿ ಮಾಡಲಿಲ್ಲ. ಡ್ರಿಲ್ಲಿನ ಬಿಟ್ ಜಾರಿ ತೂತು ಪಕ್ಕಕ್ಕೆ ಸರಿಯಿತು, ಬೋಲ್ಟು ಕೂರುತ್ತಿಲ್ಲ.

ಹೊಸ ಪಟ್ಟಿ ಕತ್ತರಿಸಿ ಮಷಿನ್ ಪಕ್ಕದಲ್ಲಿ ಇಟ್ಟಿದ್ದೇನೆ. ಗುರುತು ನೀನೇ ಮಾಡು. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಸೆರಗು ಬಿಗಿಯಾಗಿ ಸಿಕ್ಕಿಸಿಕೋ. ಮಷಿನ್ ತಿರುಗುವಾಗ ಯಾರು ಕರೆದರೂ ತಲೆ ಎತ್ತಬೇಡ. ರೇವಪ್ಪ ಹೊಗಳಿದರೆ ಅದನ್ನು ನನಗೆ ಬಂದು ಹೇಳಬೇಡ.

ಸಂಜೆ ಪೇಂಟರ್ ಬರುತ್ತಾನೆ. ಅಂಗಡಿಯ ಬೋರ್ಡಿನ ಮೇಲೆ ನಿನ್ನ ಹೆಸರನ್ನೂ ಬರೆಯಲು ಹೇಳಿದ್ದೇನೆ. "ಯಾರ ಹೆಸರು ಮ್ಯಾಲ ಬರೀಲ್ರಿ?" ಎಂದು ಕೇಳಿದ. "ಒಂದ ಸಾಲಿನ್ಯಾಗ ಬರಿ" ಅಂದೆ. ನಿನ್ನ ಅಕ್ಷರ ನನ್ನದಕ್ಕಿಂತ ದೊಡ್ಡದಾಗದಂತೆ ಮುಂದೆ ನಿಂತು ನೋಡಿಕೋ.

ಗುರುಶಾಂತ